ಹೆಜ್ಜೆಯುದ್ದ ಮತ್ತು ಹೆಜ್ಜೆಗತಿ

2009ರ ಆಗಸ್ಟ್‌ನಲ್ಲಿ ಬರ್ಲಿನ್‌ನ ಒಂದೇ ಟ್ರ್ಯಾಕಿನಲ್ಲಿ, ಒಂದು ದಿನದ ಅಂತರದಲ್ಲಿ, ಜಮೈಕಾದ ಇಬ್ಬರು ಪುರುಷರ ಮತ್ತು ಮಹಿಳೆಯರ 100 ಮೀಟರ್ ಓಟದ ವಿಶ್ವ ಚಾಂಪಿಯನ್‌ಗಳಾದರು. ಉಸೇನ್ ಬೋಲ್ಟ್ ತೆಗೆದುಕೊಂಡದ್ದು 9.58 ಸೆಕೆಂಡ್, ಶೆಲ್ಲಿ-ಆನ್ ಫ್ರೇಸರ್ 10.73 ಸೆಕೆಂಡ್. ಯಾರ ಕಾಲು ಹೆಚ್ಚು ಚುರುಕಾಗಿ ಆಡಿತು? ಫ್ರೇಸರ್ ಅವರದು.

ಓಟದ ವೇಗವೆಂದರೆ ಹೆಜ್ಜೆಯುದ್ದವನ್ನು ಹೆಜ್ಜೆಗತಿಯಿಂದ ಗುಣಿಸಿದಾಗ ಬರುವ ಗುಣಲಬ್ಧ. ಒಂದು ಪಾದ ಊರಿದ ಜಾಗದಿಂದ ಇನ್ನೊಂದು ಪಾದ ಊರುವ ಜಾಗದವರೆಗಿನ ದೂರ ಹೆಜ್ಜೆಯುದ್ದ. ಸೆಕೆಂಡಿಗೆ ಎಷ್ಟು ಹೆಜ್ಜೆ ಎಂಬುದು ಹೆಜ್ಜೆಗತಿ. ಬೋಲ್ಟ್ 41 ಹೆಜ್ಜೆಗಳಲ್ಲಿ ಗುರಿ ಮುಟ್ಟಿದರು: ಹೆಜ್ಜೆಗೆ ಸರಾಸರಿ 2.44 ಮೀಟರ್, ಸೆಕೆಂಡಿಗೆ 4.3 ಹೆಜ್ಜೆ. ಫ್ರೇಸರ್ ಅವರಿಗೆ ಸುಮಾರು 50 ಹೆಜ್ಜೆ ಬೇಕಾದವು. ಅಂದರೆ ಹೆಜ್ಜೆಗೆ 2 ಮೀಟರ್, ಸೆಕೆಂಡಿಗೆ 4.7ರ ಹತ್ತಿರ. ಬೋಲ್ಟ್ 195 ಸೆಂಟಿಮೀಟರ್ ಎತ್ತರ, ಫ್ರೇಸರ್ 152. ಎತ್ತರಕ್ಕೆ ಹೋಲಿಸಿದರೆ ಅವರ ಹೆಜ್ಜೆಯೇ ಬೋಲ್ಟ್ ಹೆಜ್ಜೆಗಿಂತ ದೊಡ್ಡದು! ಈ ಲೆಕ್ಕ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

ಉನ್ನತ ಮಟ್ಟದ ಓಟಗಾರ್ತಿಯರ ಮತ್ತು ಓಟಗಾರರ ಹೆಜ್ಜೆಗತಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಪುರುಷರ ಮತ್ತು ಮಹಿಳೆಯರ 100 ಮೀಟರ್ ವಿಶ್ವದಾಖಲೆಗಳ ನಡುವಿನ ಶೇಕಡ 9ರಿಂದ 10ರಷ್ಟು ಅಂತರ ಬಹುಪಾಲು ಹೆಜ್ಜೆಯುದ್ದದಿಂದ ಬಂದದ್ದು. ಕಾಲಿನ ಉದ್ದ ಅದಕ್ಕೆ ಒಂದು ಕಾರಣ. ಇನ್ನೊಂದು, ನೆಲವನ್ನು ಒತ್ತುವ ಬಲ. ಪೂರ್ಣ ವೇಗದಲ್ಲಿ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ. ಆ ಕ್ಷಣದಲ್ಲಿ ದೇಹದ ತೂಕದ ಹಲವು ಪಟ್ಟು ಬಲವನ್ನು ನೆಲಕ್ಕೆ ಕೊಡಬಲ್ಲವರು ಮುಂದಕ್ಕೆ ದೂರ ಚಿಮ್ಮುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ಹುಡುಗರಲ್ಲಿ ಸ್ನಾಯುಗಳ ಪಾಲು ಹೆಚ್ಚುತ್ತದೆ. ಅಂತರ ಅಲ್ಲಿಂದಲೇ ಅಗಲವಾಗುತ್ತದೆ. ಮಹಿಳೆಯರ ಸೊಂಟ ಅಗಲ, ಆದ್ದರಿಂದ ಕಾಲು ನಿಧಾನ ಎಂಬ ಮಾತು ಮೈದಾನಗಳಲ್ಲಿ ಕೇಳಿಬರುತ್ತದೆ. ಹೆಜ್ಜೆಗತಿ ಹೆಚ್ಚುಕಡಿಮೆ ಸಮವಾಗಿರುವಾಗ ಆ ವಾದ ನಿಲ್ಲುವುದಿಲ್ಲ.

ಇದನ್ನು ತರಬೇತುದಾರರು ಅರಿಯಲೇಬೇಕು. ಹೆಜ್ಜೆ ಚಿಕ್ಕದಾಯಿತೆಂದು ಹುಡುಗಿಯರಿಗೆ 'ಕಾಲು ಚಾಚು' ಎಂದು ಕೂಗುವುದು ತಪ್ಪು. ಚಾಚಿದ ಪಾದ ದೇಹಕ್ಕಿಂತ ಬಹಳ ಮುಂದೆ ಬೀಳುತ್ತದೆ, ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗುತ್ತದೆ, ತೊಡೆಯ ಹಿಂಭಾಗದ ಸ್ನಾಯುವಿನ ಮೇಲೆ ಎಳೆತ ಹೆಚ್ಚುತ್ತದೆ. ಅವರಿಗೆ ಬೇಕಾದದ್ದು ಭಾರ ಎತ್ತುವ ಅಭ್ಯಾಸ, ಜಿಗಿತಗಳು, ಏರು ದಾರಿಯ ಓಟ. ಬಲ ಬಂದರೆ ಹೆಜ್ಜೆ ತಾನಾಗಿ ಉದ್ದವಾಗುತ್ತದೆ.