ಮೆತ್ತಗಾದ ರಾಜ್ಮಾ ಎಲ್ಲವೂ ಬೆಂದ ರಾಜ್ಮಾ ಅಲ್ಲ

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಡೊಂಬಿವಿಲಿಯಿಂದ ಮಡಗಾಂವ್‌ವರೆಗೆ ಕನ್ನಡದ ಅಡುಗೆಮನೆಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅಜ್ಜಿ ಹೇಳಿದ್ದನ್ನು ಅತ್ತೆ ಹೇಳಿದರು, ಅತ್ತೆ ಹೇಳಿದ್ದನ್ನು ಈಗ ಯೂಟ್ಯೂಬ್ ಹೇಳುತ್ತಿದೆ. ಮಾತು ತಪ್ಪು. ಬರೀ ತಪ್ಪಲ್ಲ, ತಲೆಕೆಳಗು. ಉಪ್ಪುನೀರಿನಲ್ಲಿ ನೆನೆದ ರಾಜ್ಮಾ ಬೇಗ ಬೇಯುತ್ತದೆ, ಸಿಪ್ಪೆಯೂ ಮೆದುವಾಗುತ್ತದೆ. ರಾಜ್ಮಾ ಹಿಸುಕಿ ಸ್ಯಾಂಡ್‌ವಿಚ್ ಮಾಡುವವರಿಗೆ ಈ ಸಿಪ್ಪೆಯೇ ಮುಖ್ಯ. ಸಾರಿನಲ್ಲಾದರೆ ಬಿರುಸು ಸಿಪ್ಪೆ ಅನ್ನದ ಜೊತೆ ಹೇಗೋ ಇಳಿದುಹೋಗುತ್ತದೆ. ಬ್ರೆಡ್ಡಿನ ನಡುವೆ ಅದು ಪ್ರತಿ ತುತ್ತಿಗೂ ಅಂಗುಳಿಗೆ ಅಂಟುತ್ತದೆ.

ಕಾರಣ ಪೆಕ್ಟಿನ್. ಕಾಳಿನ ಜೀವಕೋಶಗಳನ್ನು ಇಟ್ಟಿಗೆ ಎಂದುಕೊಂಡರೆ ಪೆಕ್ಟಿನ್ ಅವುಗಳ ನಡುವಿನ ಗಾರೆ. ಆ ಗಾರೆಗೆ ಗಟ್ಟಿತನ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಪೆಕ್ಟಿನ್‌ನ ಉದ್ದನೆಯ ಎಳೆಗಳ ಮೇಲೆ ಅಲ್ಲಲ್ಲಿ ಋಣ ವಿದ್ಯುದಂಶದ ತಾಣಗಳಿವೆ. ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ವಿದ್ಯುದಂಶ ಇರುವುದರಿಂದ ಅದು ಒಂದು ಬದಿಗೆ ಒಂದು ಎಳೆ, ಇನ್ನೊಂದು ಬದಿಗೆ ಇನ್ನೊಂದು ಎಳೆ ಹಿಡಿದು ಎರಡನ್ನೂ ಬಿಗಿಯುತ್ತದೆ. ಸೋಡಿಯಂಗೆ ಇರುವುದು ಒಂದೇ ಧನ ವಿದ್ಯುದಂಶ. ಅದು ಒಂದು ಎಳೆಯ ಮೇಲೆ ಕೂರಬಲ್ಲದು, ಎರಡನ್ನು ಕಟ್ಟಲಾರದು. ಉಪ್ಪುನೀರಿನಲ್ಲಿ ಎಂಟು ಹತ್ತು ಗಂಟೆ ನೆನೆಯುವಾಗ ಸೋಡಿಯಂ ಸಿಪ್ಪೆಯೊಳಗೆ ನುಗ್ಗಿ ಕ್ಯಾಲ್ಸಿಯಂ ಕೂತಿದ್ದ ಜಾಗಗಳನ್ನು ಒಂದೊಂದಾಗಿ ಹಿಡಿಯುತ್ತದೆ. ಗಾರೆ ಸಡಿಲವಾಗುತ್ತದೆ. ಆಮೇಲೆ ಬಿಸಿನೀರಿಗೆ ಪೆಕ್ಟಿನ್ ಕರಗಿಸುವುದು ಸುಲಭ. ಕಾಳು ಬೇಯುವುದು ಎಂದರೆ ಅಡುಗೆಯವರ ಲೆಕ್ಕದಲ್ಲಿ ಇದೇ: ಇಟ್ಟಿಗೆಗಳು ಒಡೆಯದೆ ಒಂದರಿಂದೊಂದು ಬಿಡಿಸಿಕೊಳ್ಳುವುದು.

ಇಷ್ಟು ಗೊತ್ತಾದರೆ ಉಳಿದ ತಕರಾರುಗಳೆಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ. ಮುಂಬೈಯ ನಳದ ನೀರು ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ಮಳೆನೀರು. ಮೆದು ನೀರು, ಅದರಲ್ಲಿ ಕಾಳು ಸಲೀಸಾಗಿ ಬೇಯುತ್ತದೆ. ಪುಣೆಯ ಹೊರವಲಯದ ಸೊಸೈಟಿಗೆ ಟ್ಯಾಂಕರ್ ಹೊತ್ತು ತರುವ ಬೋರ್‌ವೆಲ್ ನೀರು ಗಡಸು, ಅಂದರೆ ಕ್ಯಾಲ್ಸಿಯಂ ಹೆಚ್ಚು. ಅದು ಗಾರೆಯನ್ನು ಇನ್ನಷ್ಟು ಬಿಗಿಯುತ್ತದೆ. ಅಂಥ ಮನೆಯಲ್ಲಿ ನೆನೆಸಲೂ ಬೇಯಿಸಲೂ ಕುಡಿಯುವ ಆರ್‌ಒ ನೀರನ್ನೇ ಬಳಸಿ. ಟೊಮೆಟೊ, ಹುಣಸೆ, ಗೋವಾದ ಕೋಕಂ ಇವು ಮೂರೂ ಹುಳಿ. ಹುಳಿಯಲ್ಲಿ ಪೆಕ್ಟಿನ್ ಕರಗುವುದು ನಿಧಾನ. ಕಾಳು ಬೆಂದ ಮೇಲೆ ಹಾಕಿದರೆ ರುಚಿ, ಮೊದಲೇ ಹಾಕಿದರೆ ಶಿಕ್ಷೆ. ಉಪ್ಪಿನ ಮೇಲೆ ಹೊರಿಸಿದ ಅಪವಾದಕ್ಕೆ ನಿಜವಾದ ಅಪರಾಧಿ ಬಹುಶಃ ಅದರ ಜೊತೆಗೇ ಬೀಳುತ್ತಿದ್ದ ಈ ಹುಳಿ.

ಹಳೇ ಕಾಳಿನದು ಇನ್ನೊಂದು ಕಥೆ. ಸೆಖೆ ಮತ್ತು ತೇವ ಸೇರಿದ ಕಡೆ, ಅಂದರೆ ಕರಾವಳಿಯ ಅಡುಗೆಮನೆಯ ಡಬ್ಬಿಯಲ್ಲಿ, ತಿಂಗಳುಗಟ್ಟಲೆ ಕೂತ ರಾಜ್ಮಾದೊಳಗೆ ಫೈಟೇಸ್ ಎಂಬ ಕಿಣ್ವ ಕೆಲಸ ಮಾಡುತ್ತದೆ. ಕಾಳು ರಂಜಕವನ್ನು ಕೂಡಿಡುವ ಫೈಟೇಟ್ ಎಂಬ ವಸ್ತುವನ್ನು ಅದು ಒಡೆದಾಗ, ಫೈಟೇಟ್ ಹಿಡಿದಿಟ್ಟುಕೊಂಡಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗಿ ಪೆಕ್ಟಿನ್‌ಗೆ ಹೋಗಿ ಅಂಟುತ್ತವೆ. ಕಾಳು ನೆನೆದು ಉಬ್ಬುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ, ಎಷ್ಟು ಸೀಟಿ ಹೊಡೆಸಿದರೂ ನಡುವೆ ಮರಳು ಮರಳು. ಇದಕ್ಕೆ ಮದ್ದು ಅಡುಗೆ ಸೋಡಾ: 100 ಗ್ರಾಂ ಕಾಳಿಗೆ ಒಂದು ಚಿಟಿಕೆ, ಬೇಯಿಸುವ ನೀರಿಗೆ. ಕ್ಷಾರದಲ್ಲಿ ಪೆಕ್ಟಿನ್ ಬೇಗ ಮುರಿಯುತ್ತದೆ. ಕೈ ಜಾರಿ ಹೆಚ್ಚು ಬಿದ್ದರೆ ಸಾಬೂನಿನ ವಾಸನೆ ಬರುತ್ತದೆ, ಬಿ1 ಜೀವಸತ್ವವೂ ನಾಶ. ಮಳೆಗಾಲಕ್ಕೆ ಮುಂಚೆ ಐದು ಕೆಜಿ ತುಂಬಿಸಿಡುವುದಕ್ಕಿಂತ ಅರ್ಧ ಕೆಜಿ ತಂದು ಮುಗಿಸುವುದು ಲೇಸು.

ಇದೆಲ್ಲ ಮೆತ್ತಗಾಗುವ ಮಾತು. ವಿಷ ಇಳಿಯುವುದು ಬೇರೆಯೇ ಕೆಲಸ, ಅದನ್ನು ಬೆರಳಿನಲ್ಲಿ ಒತ್ತಿ ತಿಳಿಯಲಾಗದು. ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ, ಲೆಕ್ಟಿನ್ ಗುಂಪಿಗೆ ಸೇರಿದ ಪ್ರೋಟೀನ್ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ. ಕೆಂಪು ರಾಜ್ಮಾದಲ್ಲಿ ಇದು ಅತಿ ಹೆಚ್ಚು, ಬಿಳಿಯದರಲ್ಲಿ ಅದರ ಸುಮಾರು ಮೂರನೇ ಒಂದು ಭಾಗ. ಸಾತಾರೆಯ ಕೋರೆಗಾಂವ್ ಕಡೆಯಿಂದ ಪುಣೆಗೆ ಬರುವ ಪಟ್ಟೆಪಟ್ಟೆಯ ವಾಘ್ಯಾ ಘೇವಡಾ ಕೂಡ ಇದೇ ಜಾತಿಯ ಕಾಳು. ಊರಿನ ಕಾಳು, ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯ ಕಾಳು ಎಂದು ಅದಕ್ಕೆ ವಿನಾಯಿತಿ ಇಲ್ಲ.

100 ಡಿಗ್ರಿಯಲ್ಲಿ ಕೊತಕೊತ ಕುದಿಯುವ ನೀರಿನಲ್ಲಿ ಹತ್ತು ನಿಮಿಷಕ್ಕೆ ಈ ಪ್ರೋಟೀನ್ ಮುರಿದುಬೀಳುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಮಾತ್ರ ಎಚ್ಚರಿಕೆಗಾಗಿ 30 ನಿಮಿಷ ಕುದಿಸಿ ಎನ್ನುತ್ತದೆ. ಆದರೆ 80 ಡಿಗ್ರಿಗಿಂತ ಕೆಳಗೆ ಗಂಟೆಗಟ್ಟಲೆ ಇಟ್ಟರೆ ವಿಷ ಇಳಿಯುವುದಿರಲಿ, ಹಸಿ ಕಾಳಿಗಿಂತ ಹಲವು ಪಟ್ಟು ಏರಬಹುದು. ಈಗ ಫ್ಲ್ಯಾಟುಗಳಿಗೆ ಬಂದಿರುವ ವಿದ್ಯುತ್ ಸ್ಲೋ ಕುಕ್ಕರಿನ ಅಪಾಯ ಇದೇ: ಕಾಳು ಮೆತ್ತಗಾಗಿ ಹೊರಬರುತ್ತದೆ, ಬೆಂದಿರುವುದಿಲ್ಲ. ನಮ್ಮ ಸೀಟಿ ಹೊಡೆಯುವ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಇರುವುದರಿಂದ ನಮ್ಮವರು ಈ ವಿಷದ ಹೆಸರನ್ನೂ ಕೇಳದೆ ಬದುಕಿದ್ದಾರೆ. ಇನ್ನೊಂದು ಅಪಾಯ ಹೊಸದಾಗಿ ಬರುತ್ತಿರುವುದು, ಬೇಯಿಸದೆ ಹಸಿಯಾಗಿಯೇ ತಿನ್ನಿ ಎನ್ನುವ ‘ಜೀವಂತ ಆಹಾರ’ದ ಪ್ರಚಾರಕರಿಂದ. ಮಿಸಳ್‌ಗೆ ಮಟಕಿ, ಅಂದರೆ ಮಡಿಕೆ ಕಾಳು, ಮೊಳಕೆ ಬರಿಸುವ ಪುಣೆಯಲ್ಲಿ ರಾಜ್ಮಾಕ್ಕೂ ಮೊಳಕೆ ಬರಿಸಿ ಹಸಿಯಾಗಿ ಸಲಾಡಿಗೆ ಹಾಕಿ ಎಂಬ ಸಲಹೆ ವಾಟ್ಸ್ಯಾಪಿನಲ್ಲಿ ಓಡಾಡುತ್ತದೆ. ಮೊಳಕೆಯಿಂದ ಲೆಕ್ಟಿನ್ ತುಸು ಕಡಿಮೆಯಾಗಬಹುದು, ಹೋಗುವುದಿಲ್ಲ. ಮಟಕಿಗೆ ನಡೆಯುವುದು ರಾಜ್ಮಾಕ್ಕೆ ನಡೆಯದು.

ಇದೇ ವಿಷಕ್ಕೆ ಒಂದು ಚಂದದ ಇತಿಹಾಸವಿದೆ. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬಾತ ಹರಳುಬೀಜದ ಸಾರ ಕೆಂಪು ರಕ್ತಕಣಗಳನ್ನು ಮುದ್ದೆಗಟ್ಟಿಸುವುದನ್ನು ಕಂಡ. ಲೆಕ್ಟಿನ್‌ಗಳ ಅಧ್ಯಯನ ಶುರುವಾದದ್ದು ಅಲ್ಲಿಂದ. ರಾಜ್ಮಾದ ಸಾರಕ್ಕೂ ಆ ಗುಣ ಇದ್ದುದರಿಂದ ರಕ್ತದಿಂದ ಕೆಂಪು ಕಣ ಬೇರ್ಪಡಿಸಿ ಬಿಳಿ ಕಣ ಉಳಿಸಿಕೊಳ್ಳಲು ಪ್ರಯೋಗಾಲಯಗಳು ಅದನ್ನು ಬಳಸುತ್ತಿದ್ದವು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಗಮನಿಸಿದ್ದು, ಹಾಗೆ ಉಳಿದ ಬಿಳಿ ಕಣಗಳು ಸುಮ್ಮನಿರದೆ ವಿಭಜನೆಗೆ ತೊಡಗುತ್ತವೆ, ಅದಕ್ಕೆ ಕಾರಣ ಈ ರಾಜ್ಮಾ ಪ್ರೋಟೀನೇ ಎಂದು. ವಿಭಜನೆಯಾಗುವ ಕೋಶದಲ್ಲಿ ಮಾತ್ರ ವರ್ಣತಂತುಗಳು ಸ್ಪಷ್ಟವಾಗಿ ಕಾಣುವುದು. ಇಂದಿಗೂ ರಕ್ತದಿಂದ ವರ್ಣತಂತು ಪರೀಕ್ಷೆ ಮಾಡುವಾಗ ಇದೇ ಪ್ರೋಟೀನ್ ಹಾಕಿ ಕೋಶಗಳನ್ನು ಎಬ್ಬಿಸುತ್ತಾರೆ.

ಇನ್ನು ಸ್ಯಾಂಡ್‌ವಿಚ್. ನಾಲ್ಕಕ್ಕೆ 100 ಗ್ರಾಂ ಒಣ ರಾಜ್ಮಾ ಸಾಕು, ಬೆಂದಾಗ ಸುಮಾರು 230 ಗ್ರಾಂ ಆಗುತ್ತದೆ. 600 ಮಿಲಿ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಕರಗಿಸಿ ರಾತ್ರಿಯಿಡೀ ನೆನೆಸಿ. ಮೇ ತಿಂಗಳಾದರೆ ಫ್ರಿಜ್ಜಿನಲ್ಲಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ನೊರೆ ಬಂದು ಹುಳಿವಾಸನೆ ಹೊಡೆಯುತ್ತದೆ. ಆ ನೀರು ಚೆಲ್ಲಿ ತೊಳೆಯಿರಿ. ಹೊಟ್ಟೆಯುಬ್ಬರಕ್ಕೆ ಕಾರಣವಾದ ರ‍್ಯಾಫಿನೋಸ್, ಸ್ಟಾಕಿಯೋಸ್ ಸಕ್ಕರೆಗಳ ಒಂದಂಶ ಆ ನೀರಿನಲ್ಲೇ ಹೋಗುತ್ತದೆ. ಇವನ್ನು ಒಡೆಯುವ ಕಿಣ್ವ ನಮ್ಮ ಸಣ್ಣಕರುಳಿನಲ್ಲಿಲ್ಲ, ದೊಡ್ಡಕರುಳಿನ ಬ್ಯಾಕ್ಟೀರಿಯಾ ತಿಂದು ಅನಿಲ ಬಿಡುತ್ತವೆ. ಇಂಗಿನ ಒಗ್ಗರಣೆಗೆ ಆ ಸಕ್ಕರೆ ಮುರಿಯುವ ಶಕ್ತಿ ಇಲ್ಲ. ಇಂಗು ರುಚಿಗೆ ಹಾಕಿ.

ಕುಕ್ಕರಿಗೆ ಹೊಸ ನೀರು, ಕಾಳಿನ ಮೇಲೆ ಎರಡು ಬೆರಳು ನಿಲ್ಲುವಷ್ಟು, ಅರ್ಧ ಚಮಚ ಎಣ್ಣೆ. ಎಣ್ಣೆ ನೊರೆ ತಡೆಯುವುದಕ್ಕೆ. ನೊರೆ ಉಕ್ಕಿ ಸೀಟಿಯ ರಂಧ್ರ ಕಟ್ಟುವುದು ಕಾಳು ಬೇಯಿಸುವಾಗಲೇ, ಹಾಗಾಗಿ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಮೊದಲ ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ, ಒತ್ತಡ ತಾನಾಗಿ ಇಳಿಯಲಿ.

ನೀರು ಬಸಿದು, ಎರಡು ಮೂರು ಚಮಚ ಆ ರಸ ಎತ್ತಿಟ್ಟುಕೊಂಡು, ಬಿಸಿ ಇರುವಾಗಲೇ ಕಡೆಗೋಲಿನಲ್ಲೋ ಚಮಚದ ಹಿಂಬದಿಯಲ್ಲೋ ಹಿಸುಕಿ. ಮಿಕ್ಸಿ ಬೇಡ. ಕೈಯಿಂದ ಹಿಸುಕಿದಾಗ ಹೆಚ್ಚಿನ ಕೋಶಗಳು ಒಡೆಯದೆ ಪಿಷ್ಟ ಒಳಗೇ ಉಳಿಯುತ್ತದೆ, ಮುದ್ದೆ ಹುಡಿಹುಡಿಯಾಗಿ ನಿಲ್ಲುತ್ತದೆ. ಮಿಕ್ಸಿಯಲ್ಲಿ ಅಂಟಂಟು ಲೇಪ. ಒಂದು ಚಮಚ ಎಣ್ಣೆಯಲ್ಲಿ ಜೀರಿಗೆ, ಒಂದು ಹಸಿಮೆಣಸು, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಬಾಡಿಸಿ ಸೇರಿಸಿ. ಕೊನೆಗೆ ಅರ್ಧ ನಿಂಬೆ, ಕೊತ್ತಂಬರಿ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಕಾಳು ಆಗಲೇ ಒಂದಿಷ್ಟು ಹೀರಿಕೊಂಡಿದೆ. ಮುದ್ದೆ ಬೇಕಾದ್ದಕ್ಕಿಂತ ತುಸು ಸಡಿಲವಿರಲಿ. ತಣ್ಣಗಾದಾಗ ಪಿಷ್ಟ ಬಿಗಿದು ಗಟ್ಟಿಯಾಗುತ್ತದೆ, ಎತ್ತಿಟ್ಟ ರಸ ಇದಕ್ಕೇ.

ಬ್ರೆಡ್ಡಿನ ಒಳಬದಿ ಎರಡಕ್ಕೂ ಅಂಚಿನವರೆಗೆ ಬೆಣ್ಣೆ ಹಚ್ಚಿ. ಮುಂಬೈಯ ಸ್ಯಾಂಡ್‌ವಿಚ್‌ವಾಲಾ ಧಾರಾಳವಾಗಿ ಬೆಣ್ಣೆ ಬಳಿಯುವುದು ರುಚಿಗಷ್ಟೇ ಅಲ್ಲ, ಕೊಬ್ಬಿನ ಪದರ ಚಟ್ನಿಯ ನೀರು ಬ್ರೆಡ್ಡಿಗೆ ಇಳಿಯದಂತೆ ತಡೆಯುತ್ತದೆ. ಬೆಣ್ಣೆಯ ಮೇಲೆ ತೆಳುವಾಗಿ ಹಸಿರು ಚಟ್ನಿ, ಆಮೇಲೆ ಮೂರು ದೊಡ್ಡ ಚಮಚ ಮುದ್ದೆ. ಟೊಮೆಟೊ ಬೇಕಿದ್ದರೆ ಬಿಲ್ಲೆಗಳಿಗೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ, ಮುದ್ದೆಯ ನಡುವೆ ಇಡಿ, ಬ್ರೆಡ್ಡಿಗೆ ತಾಗಿಸಬೇಡಿ. ತವಾ ಮಧ್ಯಮ ಉರಿಯಲ್ಲಿ, ಒತ್ತಿ ಹಿಡಿದು ಪ್ರತಿ ಬದಿ ಎರಡು ಮೂರು ನಿಮಿಷ. ಉರಿ ಜೋರಾದರೆ ಹೊರಗೆ ಕಪ್ಪು, ನಡುವೆ ತಣ್ಣಗೆ. ಗೋವಾದಲ್ಲಿರುವವರಿಗೆ ಇದಕ್ಕಿಂತ ಸುಲಭದ ದಾರಿ ಇದೆ: ಪೋದೇರ್, ಅಂದರೆ ಬ್ರೆಡ್ ಮಾರುವವ, ತಂದ ಪಾವ್ ಸೀಳಿ, ಒಳಗೆ ಗಟ್ಟಿ ಅಲಸಂದೆ ತೋಣಾಕ್, ಅಂದರೆ ತೆಂಗಿನ ಮಸಾಲೆಯ ಪಲ್ಯ. ಅಲಸಂದೆ ನಾಲ್ಕೈದು ಗಂಟೆಯಲ್ಲಿ ನೆನೆಯುತ್ತದೆ, ಲೆಕ್ಟಿನ್‌ನ ಕಾಟವೂ ರಾಜ್ಮಾದಷ್ಟಿಲ್ಲ.

ಉಳಿದ ಮುದ್ದೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದಲ್ಲಿ ಮುಗಿಸಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಬದುಕುತ್ತವೆ, ಬೆಚ್ಚಗಿನ ಮುದ್ದೆ ಸಿಕ್ಕರೆ ಬೆಳೆಯುತ್ತವೆ. ಬೆಳಗಿನ ಲೋಕಲ್ ಹಿಡಿಯುವವರ ಡಬ್ಬಿಗಾದರೆ ಕಾಯಿಸಿದ ಸ್ಯಾಂಡ್‌ವಿಚ್ಚನ್ನು ಜಾಲರಿಯ ಮೇಲೆ ಪೂರ್ತಿ ಆರಿಸಿ, ಕಾಗದದಲ್ಲಿ ಸುತ್ತಿ ಆಮೇಲೆ ಮುಚ್ಚಿ. ಬಿಸಿ ಇರುವಾಗ ಮುಚ್ಚಿದರೆ ಹಬೆ ಮುಚ್ಚಳದಿಂದ ತೊಟ್ಟಿಕ್ಕಿ ಬ್ರೆಡ್ಡಿನ ಹೊರಬದಿಯಿಂದಲೇ ಒಳಗಿಳಿಯುತ್ತದೆ, ಅಲ್ಲಿ ತಡೆಯಲು ಬೆಣ್ಣೆ ಇಲ್ಲ.