ಪೈಲಟ್ ಸ್ಟಡಿಯ ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಬಿಡಬೇಕು

ಥೀಸಿಸ್ ಪ್ರೋಟೋಕಾಲ್ ಬರೆಯಲು ಕೂತವರಿಗೆ ಈ ಟಿಪ್ಪಣಿ. ರ‍್ಯಾಂಡಮೈಸೇಷನ್, ಪಿ ವ್ಯಾಲ್ಯೂ ಇವೆಲ್ಲ ಕ್ಲಾಸಿನಲ್ಲಿ ಆಗಿರುತ್ತವೆ, ಅವನ್ನು ಮತ್ತೆ ಬರೆಯುವುದಿಲ್ಲ. ನನ್ನ ತಲೆ ತಿಂದಿದ್ದು ಒಂದೇ ಜಾಗ: ಪೈಲಟ್ (ದೊಡ್ಡದಕ್ಕೆ ಮುಂಚೆ ಮಾಡುವ ಚಿಕ್ಕ ಸ್ಟಡಿ) ಮುಗಿದ ಮೇಲೆ ದೊಡ್ಡ ಟ್ರಯಲ್‌ಗೆ ಎಷ್ಟು ಜನ ಬೇಕು ಎಂಬ ಲೆಕ್ಕ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಬಿಪಿ ಮಾತ್ರೆ ತಗೊಳ್ಳುವವರನ್ನು ಎರಡು ಗುಂಪು ಮಾಡುತ್ತೇವೆ. ಒಂದು ಗುಂಪಿಗೆ ಕೌನ್ಸೆಲರ್ ಆಗಾಗ ಫೋನ್ ಮಾಡಿ ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿಸುತ್ತಾರೆ. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ಪೈಲಟ್‌ಗೆ 36 ಜನ ಸೇರಿದರು. ಮೂರು ತಿಂಗಳ ಕೊನೆಗೆ ಬಂದು ಬಿಪಿ ತೋರಿಸಿದವರು 30, ಅಂದರೆ ಗುಂಪಿಗೆ 15. ಮೇಲಿನ ಬಿಪಿಯಲ್ಲಿ ಎರಡು ಗುಂಪಿನ ಸರಾಸರಿಗೂ 5 ಮಿ.ಮೀ. ವ್ಯತ್ಯಾಸ, ಫೋನ್ ಮಾಡಿದ ಗುಂಪಿನದು ಕಡಿಮೆ. ಸ್ಟ್ಯಾಂಡರ್ಡ್ ಡೀವಿಯೇಷನ್ (ಒಬ್ಬೊಬ್ಬರ ಬಿಪಿ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) 10.

ಮೊದಲು ನನ್ನ ಮೆಚ್ಚಿನ ಅಡ್ಡದಾರಿ. ಗುಂಪಿಗೆ ಬೇಕಾದ ಜನ = 16 × ಡೀವಿಯೇಷನ್‌ನ ವರ್ಗ ÷ ವ್ಯತ್ಯಾಸದ ವರ್ಗ. 80% ಪವರ್ (ನಿಜವಾಗಿ ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ), 5% ಆಲ್ಫಾಗೆ (ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ಸಾಧ್ಯತೆ) ಇದು ಸಾಕು. 16 ಎಲ್ಲಿಂದ ಬಂತು ಅಂದರೆ, ಆಲ್ಫಾದ 1.96 ಮತ್ತು ಪವರ್‌ನ 0.84 ಕೂಡಿಸಿ, ವರ್ಗ ಮಾಡಿ, ಎರಡರಿಂದ ಗುಣಿಸಿ: 15.68. ಅದನ್ನೇ ದುಂಡಗೆ ಮಾಡಿದ್ದು. 90% ಪವರ್ ಬೇಕಾದರೆ 16ರ ಜಾಗದಲ್ಲಿ 21. ಸಾಫ್ಟ್‌ವೇರ್ ಕೊಟ್ಟ ಉತ್ತರ ಸರಿಯಿದೆಯಾ ಅಂತ ನೋಡಲು ಫೋನಿನ ಕ್ಯಾಲ್ಕುಲೇಟರ್ ಸಾಕು.

ಈಗ ಪೈಲಟ್‌ನ 5 ಮತ್ತು 10 ಹಾಕಿ. 16 × 100 ÷ 25 = 64. ಗುಂಪಿಗೆ 64 ಜನ, ಮುಗೀತು ಅಲ್ವಾ? ಇಲ್ಲ. ಎಡವುವುದು ಇಲ್ಲೇ.

ಆ 5 ಎಷ್ಟು ಗಟ್ಟಿ ಅಂತ ನೋಡಿ. ಗುಂಪಿಗೆ 15 ಜನ ಇದ್ದರೆ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ (ಆ ಅಂದಾಜು ಎಷ್ಟು ಅಲುಗಾಡುತ್ತದೆ ಎಂಬ ಅಳತೆ) 3.65. 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜ ಅಂಕಿ ಇರಬಹುದಾದ ವ್ಯಾಪ್ತಿ) ಮೈನಸ್ 2.5ರಿಂದ 12.5ರವರೆಗೆ ಹೋಗುತ್ತದೆ. ಫೋನ್ ಮಾಡಿದ್ದರಿಂದ ಬಿಪಿ ಸ್ವಲ್ಪ ಏರಿದೆ ಎಂಬುದೂ ಅದರೊಳಗಿದೆ, ಭರ್ಜರಿಯಾಗಿ ಇಳಿದಿದೆ ಎಂಬುದೂ ಇದೆ. ನಿಜವಾದ ವ್ಯತ್ಯಾಸ 12.5 ಆಗಿದ್ದರೆ ಗುಂಪಿಗೆ 11 ಜನ ಸಾಕು. 2 ಆಗಿದ್ದರೆ 400 ಬೇಕು. ಒಂದೇ ಪೈಲಟ್, 11ರಿಂದ 400ಕ್ಕೂ ಆಚೆಗೆ ಯಾವ ಉತ್ತರವನ್ನೂ ತಳ್ಳಿಹಾಕುವುದಿಲ್ಲ. ಇದರ ಮೇಲೆ ಬಜೆಟ್ ಬರೆಯುವುದು ಹೇಗೆ?

"ಸರಿ, ಎರಡೂ ಕಡೆ ತಪ್ಪಬಹುದು, ಸರಾಸರಿಯಲ್ಲಿ ಸರಿಹೋಗುತ್ತದೆ" ಅಂತ ಅನ್ನಿಸಬಹುದು. ಸರಿಹೋಗುವುದಿಲ್ಲ. ಈ ಭಾಗವನ್ನು ನಿಧಾನವಾಗಿ ಓದಿ. ನಿಜವಾದ ವ್ಯತ್ಯಾಸ 5 ಅಂತಲೇ ಇಟ್ಟುಕೊಳ್ಳಿ. ಬೇರೆ ಬೇರೆ ತಂಡಗಳು ಇದೇ ಪೈಲಟ್ ಮಾಡಿದರೆ ಒಬ್ಬರಿಗೆ 0 ಬರುತ್ತದೆ, ಒಬ್ಬರಿಗೆ 4, ಒಬ್ಬರಿಗೆ 10. ಸೊನ್ನೆ ಬಂದವರು ಕಡತ ಮುಚ್ಚಿಬಿಡುತ್ತಾರೆ. 10 ಬಂದವರು ಖುಷಿಯಾಗಿ ಮುಂದೆ ಹೋಗುತ್ತಾರೆ. ಅವರ ಲೆಕ್ಕದಲ್ಲಿ ಗುಂಪಿಗೆ 16 ಜನ. ನಿಜ 5 ಇರುವಾಗ 16 ಜನರಲ್ಲಿ ಅದನ್ನು ಹಿಡಿಯುವ ಪವರ್ 30% ಕೂಡ ಇಲ್ಲ. ಹೀಗೆ ಮುಂದಕ್ಕೆ ಹೋಗುವ ಪೈಲಟ್‌ಗಳೆಲ್ಲ ಹೆಚ್ಚಾಗಿ ಉಬ್ಬಿದ ಅಂಕಿಯವೇ ಆಗಿರುತ್ತವೆ. ತಪ್ಪು ಒಂದೇ ಕಡೆಗೆ ವಾಲುತ್ತದೆ.

ಸಣ್ಣ ಸ್ಟಡಿಗಳನ್ನು ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಮೆಗ್ನೀಷಿಯಂ ಕಥೆ ಒಳ್ಳೆ ಪಾಠ. ಹೃದಯಾಘಾತವಾದವರಿಗೆ ಮೆಗ್ನೀಷಿಯಂ ಡ್ರಿಪ್ ಕೊಟ್ಟ ಏಳು ಚಿಕ್ಕ ಟ್ರಯಲ್‌ಗಳನ್ನು 1991ರಲ್ಲಿ ಒಟ್ಟು ಸೇರಿಸಿದರು, ಎಲ್ಲ ಸೇರಿ ಸುಮಾರು 1,300 ರೋಗಿಗಳು. ಸಾವಿನ ಆಡ್ಸ್ (ಸತ್ತವರಿಗೂ ಬದುಕುಳಿದವರಿಗೂ ಇರುವ ಅನುಪಾತ) ಅರ್ಧಕ್ಕಿಂತ ಜಾಸ್ತಿ ಇಳಿದಂತೆ ಕಂಡಿತು. 1995ರಲ್ಲಿ ಐಸಿಸ್-4 ಟ್ರಯಲ್ ಬಂತು, 58,050 ರೋಗಿಗಳು. ಐದು ವಾರದ ಸಾವು ಮೆಗ್ನೀಷಿಯಂ ಗುಂಪಿನಲ್ಲಿ 7.64%, ಕೊಡದ ಗುಂಪಿನಲ್ಲಿ 7.24%. ಲಾಭ ಕಾಣಲೇ ಇಲ್ಲ.

ಹಾಗಾದರೆ ಸೂತ್ರದಲ್ಲಿ ವ್ಯತ್ಯಾಸದ ಜಾಗಕ್ಕೆ ಏನು ಹಾಕಬೇಕು? ರೋಗಿಗೆ ಲೆಕ್ಕಕ್ಕೆ ಬರುವ ಅತಿ ಚಿಕ್ಕ ವ್ಯತ್ಯಾಸ. ಅದು ಪೈಲಟ್‌ನಿಂದ ಬರುವುದಿಲ್ಲ, ಪೈಲಟ್ ಶುರುವಾಗುವ ಮೊದಲೇ ಬರೆದಿಡಬೇಕು. ಬಿಪಿಗೆ 5 ಇಟ್ಟುಕೊಳ್ಳಲು ನೆಲೆ ಇದೆ. 2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ಮೆಟಾ ಅನಾಲಿಸಿಸ್ (ಹಲವು ಟ್ರಯಲ್‌ಗಳನ್ನು ಒಟ್ಟು ಸೇರಿಸಿ ಮಾಡುವ ಲೆಕ್ಕ) ಪ್ರಕಾರ, ಔಷಧದಿಂದ ಮೇಲಿನ ಬಿಪಿ 5 ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಥರದ ದೊಡ್ಡ ತೊಂದರೆಗಳು ಸುಮಾರು 10% ಕಡಿಮೆಯಾಗುತ್ತವೆ. ನಮ್ಮ ಪೈಲಟ್‌ನಲ್ಲೂ 5 ಬಂದಿದ್ದು ಕಾಕತಾಳೀಯ. ಅಲ್ಲಿ 1 ಬಂದಿದ್ದರೂ 9 ಬಂದಿದ್ದರೂ ಸೂತ್ರಕ್ಕೆ 5ನ್ನೇ ಹಾಕಬೇಕಿತ್ತು.

ಡೀವಿಯೇಷನ್ ಅನ್ನು ಮಾತ್ರ ಪೈಲಟ್‌ನಿಂದ ತಗೊಳ್ಳಬಹುದು, ಅದೂ ಹುಷಾರಾಗಿ. 30 ಜನರಿಂದ ಬಂದ 10, ನಿಜದಲ್ಲಿ 7.9ರಿಂದ 13.5ರೊಳಗೆ ಎಲ್ಲಾದರೂ ಇರಬಹುದು. ಅದಕ್ಕೆ 10ರ ಬದಲು 80% ಮೇಲ್ಮಿತಿ (ನಿಜವಾದ ಡೀವಿಯೇಷನ್ ಇದಕ್ಕಿಂತ ಮೇಲಿಲ್ಲ ಅಂತ 80% ಭರವಸೆಯಿಂದ ಹೇಳಬಹುದಾದ ಅಂಕಿ) ಹಾಕುವ ಪದ್ಧತಿ ಇದೆ, ನಮ್ಮ ಲೆಕ್ಕಕ್ಕೆ ಅದು 11.4. ಈಗ 16 × 130 ÷ 25, ಅಂದರೆ 84. ಗುಂಪಿಗೆ 20 ಜನ ಜಾಸ್ತಿಯಾದರು. ಪೈಲಟ್‌ಗೆ ಗುಂಪಿಗೆ 12 ಅಥವಾ ಒಟ್ಟು 30 ಅಂತ ಪೇಪರ್‌ಗಳಲ್ಲಿ ಕಾಣುತ್ತದಲ್ಲ, ಅದು ಡೀವಿಯೇಷನ್ ಅನ್ನು ತಕ್ಕಮಟ್ಟಿಗೆ ಅಂದಾಜು ಮಾಡಲು ಹೇಳಿದ ಸಂಖ್ಯೆ. ಚಿಕಿತ್ಸೆ ಕೆಲಸ ಮಾಡುತ್ತಾ ಅಂತ ತೀರ್ಮಾನಿಸಲು ಅಲ್ಲ.

ಡ್ರಾಪೌಟ್‌ನಲ್ಲಿ ಒಂದು ಚಿಕ್ಕ ಗುಂಡಿ ಇದೆ. 20% ಜನ ಬಿಟ್ಟುಹೋಗುತ್ತಾರೆ ಅಂದರೆ 84ಕ್ಕೆ 20% ಕೂಡಿಸಬೇಡಿ. ಕೂಡಿಸಿದರೆ 101, ಅದರಲ್ಲಿ 20% ಹೋದರೆ ಉಳಿಯುವುದು 81 ಅಷ್ಟೇ. 84ನ್ನು 0.8ರಿಂದ ಭಾಗಿಸಿ, 105 ಬರುತ್ತದೆ.

ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಪೈಲಟ್ ಅಂಥ ಕೆಲಸ ಅಂತ ಸುಮ್ನೆ ಹೇಳಿಬಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಲೆ ಹತ್ತುತ್ತಾ, ಪಾತ್ರೆ ಸಾಲುತ್ತಾ ಅಂತ ನೋಡುವುದು ಪೈಲಟ್‌ನ ಕೆಲಸ. ತಿಂಗಳಿಗೆ ಎಷ್ಟು ಜನ ಒಪ್ಪುತ್ತಾರೆ? ಕನ್ಸೆಂಟ್ ಫಾರ್ಮ್ ಓದಿ ಹೇಳುವಷ್ಟರಲ್ಲಿ ಊರಿನ ಬಸ್ಸು ಹೋಗಿಬಿಡುತ್ತಾ? ಹೆಬ್ಬೆಟ್ಟು ಒತ್ತುವವರಿಗೆ ಸಾಕ್ಷಿಯಾಗಿ ನಿಲ್ಲಲು ತಂಡಕ್ಕೆ ಸೇರದ ಒಬ್ಬರು ಓಪಿಡಿಯಲ್ಲಿ ಸಿಗುತ್ತಾರಾ? ಫೋನ್ ಮಾಡಿದರೆ ಎತ್ತುವುದು ರೋಗಿಯಾ, ಮಗನಾ?

ಬಿಪಿ ರಿಜಿಸ್ಟರ್ ಅನ್ನು ಒಮ್ಮೆ ಬೆರಳಿಟ್ಟು ಓದಿ. ಪಾದರಸದ ಯಂತ್ರದಲ್ಲಿ 2ರ ಅಂತರದಲ್ಲಿ ಓದುತ್ತಾರೆ. ಹಾಗಾಗಿ ಐದರಲ್ಲಿ ಒಂದು ಓದು ಮಾತ್ರ ಸೊನ್ನೆಯಲ್ಲಿ ಮುಗಿಯಬೇಕು. ಪುಟದ ತುಂಬ 140, 150, 130 ಅಂತಲೇ ಇದ್ದರೆ ಅಳೆದವರು ದುಂಡಗೆ ಮಾಡಿದ್ದಾರೆ ಅಂತ ಅರ್ಥ. 5 ಮಿ.ಮೀ. ಹುಡುಕುವ ಟ್ರಯಲ್‌ಗೆ ಇದು ದೊಡ್ಡ ಪೆಟ್ಟು. ಪೈಲಟ್‌ನಲ್ಲೇ ಕಂಡರೆ ಡಿಜಿಟಲ್ ಯಂತ್ರ ತರಿಸಬಹುದು.

ಮುಂದೆ ಹೋಗುವುದೋ ಬೇಡವೋ ಎಂಬ ಗೆರೆಗಳನ್ನೂ ಮೊದಲೇ ಎಳೆಯಬೇಕು. ಪೈಲಟ್‌ಗಳಿಗಾಗಿ 2016ರಲ್ಲಿ ಬಂದ ಕನ್ಸಾರ್ಟ್ (ಟ್ರಯಲ್ ವರದಿ ಹೇಗೆ ಬರೆಯಬೇಕೆಂಬ ಮಾರ್ಗಸೂಚಿ) ವಿಸ್ತರಣೆ ಇದನ್ನು ಕೇಳುತ್ತದೆ. ಸಾಮಾನ್ಯವಾಗಿ ಹಸಿರು, ಹಳದಿ, ಕೆಂಪು ಅಂತ ಮಾಡುತ್ತಾರೆ: ಉಳಿದವರು 80% ದಾಟಿದರೆ ಹಸಿರು, 65ಕ್ಕಿಂತ ಕೆಳಗಾದರೆ ಕೆಂಪು, ಹೀಗೆ. ನಮ್ಮಲ್ಲಿ 36ರಲ್ಲಿ 30, ಅಂದರೆ 83%, ಹಸಿರು. ಆದರೆ ಅದರ ಇಂಟರ್ವಲ್ 68ರಿಂದ 92. ಅದನ್ನೂ ಪಕ್ಕದಲ್ಲೇ ಬರೆಯಿರಿ.

ಇನ್ನೊಂದು ಅಡ್ಡದಾರಿ: 3 ÷ ಸ್ಟಡಿಯಲ್ಲಿರುವ ಜನರ ಸಂಖ್ಯೆ. 36 ಜನರಲ್ಲಿ ಯಾರಿಗೂ ತಲೆಸುತ್ತು ಬರಲಿಲ್ಲ ಅಂದರೆ ನಿಜವಾದ ಪ್ರಮಾಣ 8%ವರೆಗೂ ಇರಬಹುದು. "ಯಾವ ತೊಂದರೆಯೂ ಇಲ್ಲ, ಸುರಕ್ಷಿತ" ಅಂತ ಬರೆಯುವ ಮುನ್ನ ಈ ಭಾಗಾಕಾರ ಮಾಡಿ.

ಪೈಲಟ್‌ನ 30 ಜನರನ್ನು ದೊಡ್ಡ ಟ್ರಯಲ್‌ಗೆ ಸೇರಿಸಿಕೊಳ್ಳಬಹುದಾ? ಅದು ಇಂಟರ್ನಲ್ ಪೈಲಟ್ (ದೊಡ್ಡ ಟ್ರಯಲ್‌ನದೇ ಮೊದಲ ಹಂತ) ಅಂತ ಪ್ರೋಟೋಕಾಲ್‌ನಲ್ಲಿ ಮೊದಲೇ ಇದ್ದರೆ ಮಾತ್ರ. ಫಲಿತಾಂಶ ನೋಡಿದ ಮೇಲೆ ಸೇರಿಸಿದರೆ ಆ ಉಬ್ಬಿದ ಅಂಕಿ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಪೈಲಟ್‌ಗೂ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿಯೂ ಮೊದಲೇ ಆಗಬೇಕು: 2018ರ ಏಪ್ರಿಲ್ 1ರಿಂದ ಅಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆ ಬಂದ ಅರ್ಜಿಯನ್ನಷ್ಟೇ ತಗೊಳ್ಳುತ್ತಾರೆ. ಪಿಜಿ ಥೀಸಿಸ್ ಅಂತ ಗುರುತು ಹಾಕಲು ಫಾರ್ಮ್‌ನಲ್ಲೇ ಜಾಗವಿದೆ.