ವದಂತಿ ಸಾಯುವ ಲೆಕ್ಕ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲು ಬರುವುದಿಲ್ಲ. ಲಂಡನ್ನಿನವರಿಗೂ ಬ್ರೆಜಿಲ್‌ನವರಿಗೂ ಇದೇ ಮಿತಿ. ಇದು ಮೊದಲು ಬಂದದ್ದು ಭಾರತದಲ್ಲಿ, 2018ರ ಜುಲೈನಲ್ಲಿ. ಆ ತಿಂಗಳ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂದು ಐದು ಜನರನ್ನು ಹೊಡೆದು ಕೊಂದಿದ್ದರು. 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅದೇ ಆಯಿತು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯ ಊರೊಂದರಲ್ಲಿ ಮಕ್ಕಳಿಗೆ ಕತಾರ್‌ನಿಂದ ತಂದಿದ್ದ ಚಾಕೊಲೇಟ್ ಕೊಟ್ಟಿದ್ದರು. ಜನರಿಗೆ ಸಂಶಯ ಬಂತು, ಇವರು ಹೆದರಿ ಕಾರು ಓಡಿಸಿದರು. ಕಾರು ಮುರ್ಕಿ ಮುಟ್ಟುವ ಮೊದಲೇ ವಾಟ್ಸ್‌ಆ್ಯಪ್ ಮುಟ್ಟಿತ್ತು. ಅವರಲ್ಲೊಬ್ಬ ಯುವ ಎಂಜಿನಿಯರ್ ಅಲ್ಲೇ ಜೀವ ಕಳೆದುಕೊಂಡರು. ಐದರ ಮಿತಿ ಘೋಷಣೆಯಾದದ್ದು ಮರುವಾರ.

ಇಂಥದ್ದು ನಡೆದಾಗಲೆಲ್ಲ ‘ಹಳ್ಳಿ ಜನ, ಓದಿಲ್ಲ, ಅದಕ್ಕೇ ನಂಬಿದರು’ ಎಂಬ ಮಾತು ಕೇಳಿಬರುತ್ತದೆ. ನನಗೆ ಈ ಮಾತಿನ ಮೇಲೆ ಸಿಟ್ಟಿದೆ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ಒಂದೇ ದಿನದಲ್ಲಿ ದೆಹಲಿಯಿಂದ ಲಂಡನ್ ತನಕ ಓಡಿತು. ಚಮಚ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಡಾಕ್ಟರುಗಳಿದ್ದರು, ಅಧಿಕಾರಿಗಳಿದ್ದರು. ಚಮಚದ ಹಾಲು ಮೇಲ್ಮೈ ಸೆಳೆತದಿಂದ ವಿಗ್ರಹಕ್ಕೆ ಅಂಟಿ ತೆಳುವಾಗಿ ಕೆಳಗೆ ಹರಿಯುತ್ತದೆಂದು ವಿಜ್ಞಾನಿಗಳು ಬಣ್ಣ ಬೆರೆಸಿ ತೋರಿಸಬೇಕಾಯಿತು. ಆಗ ಜನರ ಕೈಗೆ ಮೊಬೈಲು ಬಂದಿರಲಿಲ್ಲ, ಆದರೆ ಎಸ್‌ಟಿಡಿ ಬೂತುಗಳಿದ್ದವು. ವದಂತಿಗೆ ಬೇಕಾದದ್ದು ದಡ್ಡರಲ್ಲ, ಒಂದು ಸಂಖ್ಯೆ.

ಆ ಸಂಖ್ಯೆಯನ್ನು ಕೊರೊನಾ ಕಾಲದಲ್ಲಿ ಟಿವಿಯಲ್ಲಿ ದಿನಾ ಕೇಳಿದ್ದೇವೆ. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನರಿಗೆ ರೋಗ ಅಂಟುತ್ತದೆ ಎಂಬುದೇ ಆರ್ ಸಂಖ್ಯೆ. ಸುದ್ದಿಗೂ ಅದೇ ಲೆಕ್ಕ: ನೀವು ಕಳಿಸಿದ್ದನ್ನು ನೋಡಿದವರಲ್ಲಿ ಎಷ್ಟು ಜನ ಮುಂದೆ ಕಳಿಸುತ್ತಾರೆ? ಒಂದೊಂದು ಗುಂಪಿನಲ್ಲಿ 100 ಜನ ಎಂದಿಟ್ಟುಕೊಳ್ಳಿ. 20 ಗುಂಪಿಗೆ ಹಾಕಿದರೆ 2,000 ಜನರಿಗೆ ಮುಟ್ಟುತ್ತದೆ. ಸಾವಿರಕ್ಕೆ ಒಬ್ಬರೇ ಮುಂದೆ ಕಳಿಸಿದರೂ ಇಬ್ಬರಾದರು. ಆರ್ ಎರಡಾಯಿತು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಹತ್ತನೇ ಸುತ್ತಿಗೆ 1,024, ಇಪ್ಪತ್ತನೇ ಸುತ್ತಿಗೆ 10 ಲಕ್ಷ ದಾಟುತ್ತದೆ. ಒಂದು ಸುತ್ತಿಗೆ ಹಿಡಿಯುವುದು ಕೆಲವೇ ನಿಮಿಷ.

ಈಗ 20ರ ಬದಲು 5 ಗುಂಪು ಎನ್ನಿ. ಮುಟ್ಟುವುದು 500 ಜನರಿಗೆ, ಆರ್ ಎರಡರಿಂದ ಅರ್ಧಕ್ಕೆ (0.5) ಇಳಿಯಿತು. ಮೊದಲು ಕಳಿಸಿದವರು ಒಬ್ಬರು, ಆಮೇಲೆ ಅರ್ಧ, ಆಮೇಲೆ ಕಾಲು, ಅರೆಕಾಲು... ಎಲ್ಲ ಕೂಡಿಸಿದರೆ ಸರಾಸರಿ ಇಬ್ಬರು. ಅಷ್ಟಕ್ಕೇ ಸುದ್ದಿ ಸತ್ತಿತು! ಗುಂಪುಗಳನ್ನು ಕಾಲು ಭಾಗಕ್ಕೆ ಇಳಿಸಿದೆವು, ಕಳಿಸುವವರ ಸಂಖ್ಯೆ ಲಕ್ಷಗಳಿಂದ ಎರಡಕ್ಕೆ ಬಂತು. ಇಡೀ ವಿಷಯದಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಇದು. ಆರ್ ಒಂದರ ಹತ್ತಿರ ಬಂದಂತೆ ಲೆಕ್ಕ ಇನ್ನೂ ಸೂಕ್ಷ್ಮ: 0.9 ಇದ್ದರೆ ಒಟ್ಟು 10 ಜನ ಕಳಿಸುತ್ತಾರೆ, 0.95ಕ್ಕೆ 20, 0.99ಕ್ಕೆ 100, ಒಂದನ್ನು ದಾಟಿದರೆ ಕಡಿವಾಣವೇ ಇಲ್ಲ. ಪಿಯುಸಿಯಲ್ಲಿ ಗುಣೋತ್ತರ ಶ್ರೇಢಿ ಕಲಿಸುವ ಮೇಷ್ಟ್ರುಗಳು ಇದನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಎಷ್ಟು ಚೆನ್ನ.

ನಮ್ಮ ಕಡೆ ರೈತರು ಕಣಕಿಯ (ಜೋಳದ ಒಣದಂಟಿನ) ಬಣವಿಗಳನ್ನು ಒಂದಕ್ಕೊಂದು ತಾಗಿಸಿ ಒಟ್ಟುವುದಿಲ್ಲ. ನಡುವೆ ಜಾಗ ಬಿಟ್ಟಿದ್ದರೆ ಒಂದಕ್ಕೆ ಕಿಡಿ ಬಿದ್ದರೂ ಅದೊಂದೇ ಸುಟ್ಟು ಬೂದಿಯಾಗುತ್ತದೆ. ಕಿಡಿ ಎಷ್ಟು ದೊಡ್ಡದಿತ್ತು ಎಂಬುದಕ್ಕಿಂತ ನಡುವಿನ ಜಾಗ ಮುಖ್ಯ. ಐದರ ಮಿತಿ ಮಾಡಿದ್ದೂ ಜಾಗ ಬಿಡುವ ಕೆಲಸವನ್ನೇ. ಕಂಪನಿಯೇ ಹೇಳಿದಂತೆ ಇದರಿಂದ ಫಾರ್ವರ್ಡುಗಳು ಶೇ 25ರಷ್ಟು ಇಳಿದವು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದೆಂದು ಬಿಗಿ ಮಾಡಿದ ಮೇಲೆ ಅಂಥ ಸಂದೇಶಗಳು ಶೇ 70ರಷ್ಟು ಕಡಿಮೆಯಾದವು.

ಇಲ್ಲಿ ಇತಿಹಾಸದ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1857ರ ದಂಗೆಗೆ ಕೆಲವು ತಿಂಗಳ ಮುಂಚೆ ಉತ್ತರ ಭಾರತದ ಹಳ್ಳಿಗಳಲ್ಲಿ ಚಪಾತಿಗಳು ಓಡಾಡಿದವು. ಒಬ್ಬ ಚೌಕಿದಾರ ಇನ್ನೊಬ್ಬನಿಗೆ ಎರಡು ಚಪಾತಿ ಕೊಟ್ಟು, ‘ಇನ್ನೂ ಹತ್ತು ಮಾಡಿ ಹತ್ತಿರದ ಐದು ಊರಿಗೆ ಎರಡೆರಡು ಹಂಚು’ ಎನ್ನುತ್ತಿದ್ದನೆಂದು ಆ ಕಾಲದ ವರದಿಗಳಲ್ಲಿದೆ. ಅಲ್ಲೂ ಐದು! ಆದರೆ ಅಲ್ಲಿ ಚಪಾತಿ ಕೈಗೆ ಸಿಕ್ಕವನು ಮುಂದೆ ಸಾಗಿಸಲೇಬೇಕಿತ್ತು, ಹಾಗಾಗಿ ಆರ್ ಐದರ ಸಮೀಪವೇ ಇದ್ದಿರಬೇಕು. ಯಾಕೆ ಹಂಚುತ್ತಿದ್ದೇವೆಂದು ಹಂಚುವವರಿಗೇ ಗೊತ್ತಿರಲಿಲ್ಲ. ಬ್ರಿಟಿಷ್ ಅಧಿಕಾರಿಗಳು ಅರ್ಥ ಹುಡುಕಿ ಸೋತರು.

ಮೇಲಿನ ಲೆಕ್ಕದಲ್ಲಿ ಒಂದನ್ನು ಬಿಟ್ಟಿದ್ದೇನೆ. ಪ್ರತಿ ಗುಂಪಿನಲ್ಲೂ ಹೊಸ 100 ಜನ ಇರುತ್ತಾರೆಂದು ಭಾವಿಸಿದೆ. ಕಲಬುರಗಿಯ ಯಾವುದೇ ಹಳ್ಳಿಯಲ್ಲಿ ನೋಡಿ: ಓಣಿಯ ಗುಂಪು, ಜಾತ್ರೆ ಕಮಿಟಿಯ ಗುಂಪು, ತೊಗರಿ ದರದ ಗುಂಪು, ಶಾಲೆಯ ಹಳೇ ಗೆಳೆಯರ ಗುಂಪು, ಎಲ್ಲದರಲ್ಲೂ ಅವೇ ಮುಖಗಳು. ಹೊಸಬರು ಬೇಗ ಮುಗಿಯುವುದರಿಂದ ಊರೊಳಗೆ ಹರಡುವಿಕೆ ಬೇಗ ನಿಲ್ಲುತ್ತದೆ. ಆದರೆ ನಿಲ್ಲುವ ಹೊತ್ತಿಗೆ ಒಬ್ಬೊಬ್ಬರೂ ಅದೇ ವಿಡಿಯೊವನ್ನು ಮೂರ್ನಾಲ್ಕು ಸಲ ನೋಡಿರುತ್ತಾರೆ. ‘ನಾಕ್ ಗ್ರೂಪಿನ್ಯಾಗ ಬಂದದ, ಸುಳ್ಳ ಹ್ಯಾಂಗ ಆಗ್ತದ?’ ಎಂಬ ಮಾತು ಹುಟ್ಟುವುದು ಇಲ್ಲಿ. ನಾಲ್ವರು ಬೇರೆ ಬೇರೆ ನಿಂತು ಕಣ್ಣಾರೆ ಕಂಡಿದ್ದರೆ ಅದು ನಾಲ್ಕು ಸಾಕ್ಷಿ. ಒಂದೇ ವಿಡಿಯೊ ನಾಲ್ಕು ಬಾಗಿಲಿನಿಂದ ಒಳಗೆ ಬಂದರೆ ಸಾಕ್ಷಿ ಒಂದೇ. ಮಿದುಳಿಗೆ ಈ ವ್ಯತ್ಯಾಸ ಸುಲಭಕ್ಕೆ ಹತ್ತುವುದಿಲ್ಲ. ಮತ್ತೆ ಮತ್ತೆ ಕೇಳಿದ ಹೇಳಿಕೆ ಹೆಚ್ಚು ನಿಜವೆನಿಸುತ್ತದೆಂದು ಮನೋವಿಜ್ಞಾನಿಗಳು 1977ರಲ್ಲೇ ತೋರಿಸಿದರು. ವಿಷಯ ಬಲ್ಲವರಿಗೂ ಹಾಗೇ ಅನಿಸುತ್ತದೆಂಬುದು ನಂತರದ ಪ್ರಯೋಗಗಳಲ್ಲಿ ಕಂಡಿತು.

ಊರೊಳಗೆ ಹೊಸಬರು ಮುಗಿದ ಮೇಲೆ ಸುದ್ದಿಯನ್ನು ಗಡಿ ದಾಟಿಸುವವರು ಎರಡು ಕಡೆಯ ಗುಂಪಿನಲ್ಲಿರುವವರು. ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ದುಡಿಯಲು ಹೋದ ನಮ್ಮ ಜನ ಊರಿನ ಗುಂಪಿನಲ್ಲೂ ಇದ್ದಾರೆ, ಅಲ್ಲಿನ ಗುಂಪಿನಲ್ಲೂ ಇದ್ದಾರೆ. ಆಪ್ತರಿಗಿಂತ ದೂರದ ಪರಿಚಯದವರಿಂದಲೇ ಹೊಸ ಸುದ್ದಿ ಬರುತ್ತದೆಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಿವರಿಸಿದ್ದು ಇದನ್ನೇ. ಬೀದರ್ ಜಿಲ್ಲೆಯ, ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ ಹತ್ತಿದ ಔರಾದ್ ಕಡೆಯ ಜನ ಕನ್ನಡದ ಜೊತೆ ಮರಾಠಿ, ದಖನಿ ಉರ್ದು, ತೆಲುಗು ಬಲ್ಲವರು. ಅವರ ಮೊಬೈಲಿಗೆ ಮೂರು ರಾಜ್ಯಗಳ ಸುದ್ದಿ ಬರುತ್ತದೆ. ಮುರ್ಕಿಯ ಘಟನೆಯ ಕಾಲದಲ್ಲಿ ದೇಶದಲ್ಲೆಲ್ಲ ಸುತ್ತುತ್ತಿದ್ದ, ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಕರಾಚಿಯದ್ದು. ಮಕ್ಕಳ ಸುರಕ್ಷತೆಗೆಂದೇ ಮಾಡಿದ ಜಾಗೃತಿ ಚಿತ್ರ. ಅವರು ಮಗುವನ್ನು ವಾಪಸ್ ತಂದು ಬಿಟ್ಟು ಫಲಕ ತೋರಿಸುವ ಕೊನೆಯ ದೃಶ್ಯವನ್ನು ಯಾರೋ ಕತ್ತರಿಸಿದ್ದರು.

ವಾಟ್ಸ್‌ಆ್ಯಪ್ ಸಂದೇಶ ಗೂಢಲಿಪಿಯಲ್ಲಿ ಹೋಗುವುದರಿಂದ ಒಳಗೆ ಏನಿದೆ ಎಂದು ಕಂಪನಿಗೂ ಕಾಣದು. ಎಷ್ಟು ಕೈ ದಾಟಿತೆಂಬ ಎಣಿಕೆ ಮಾತ್ರ ಸಂದೇಶದ ಜೊತೆಗೇ ಸಾಗುತ್ತದೆ. ಐದು ಕೈ ದಾಟಿದರೆ ಜೋಡಿ ಬಾಣದ ಗುರುತು ಬೀಳುತ್ತದೆ. ಆದರೆ ವಿಡಿಯೊವನ್ನು ಮೊಬೈಲಿನಲ್ಲಿ ಉಳಿಸಿಕೊಂಡು ಹೊಸದಾಗಿ ಹಾಕಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ಜೋಡಿ ಬಾಣವಿದ್ದರೆ ಬಹಳ ಕೈ ದಾಟಿ ಬಂದದ್ದೆಂದು ಖಚಿತ, ಬಾಣವಿಲ್ಲದಿದ್ದರೆ ಏನೂ ಖಚಿತವಿಲ್ಲ. ಅಂಥ ವಿಡಿಯೊದ ಒಂದು ದೃಶ್ಯವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ, ಅದು ಹಿಂದೆ ಯಾವ ದೇಶದಲ್ಲಿ, ಯಾವ ಹೆಸರಿನಲ್ಲಿ ಕಾಣಿಸಿಕೊಂಡಿತ್ತು ಎಂಬುದು ಎಷ್ಟೋ ಸಲ ಒಂದೆರಡು ನಿಮಿಷದಲ್ಲೇ ಸಿಗುತ್ತದೆ.